ಹಗ್ಗ ಬಿಟ್ರೆ ಕೊಡ ಎಲ್ಲಿಗೆ?

ನಿದ್ದೆ ಬಂತು, ಮನಸ್ಸು ಹಗುರಾಯ್ತು.
ಇನ್ನು ಮನಸ್ಸಿನ ಕಾಯಿಲೆ ಮಾತ್ರೆ ಯಾಕೆ ಅಂತ ನಿಲ್ಲಿಸಿಬಿಟ್ರಾ?

ಗುಡಿಬಂಡೆ, ಮಡಕಶಿರಾ ಕಡೆಯವರಿಗೆ ಬಾವಿ ರಾಟೆ ಗೊತ್ತು.
ತುಂಬಿದ ಕೊಡ ಕಟ್ಟೆವರೆಗೂ ಬಂತು.
ಬಂತಲ್ಲ ಅಂತ ಹಗ್ಗ ಬಿಟ್ರೆ?
ದಡಾರ್!

ಮಾತ್ರೆ ಆ ಹಗ್ಗ.
ಮಿದುಳು ಅದಕ್ಕೆ ಒಗ್ಗಿರುತ್ತೆ.
ಒಮ್ಮೆಲೇ ನಿಂತ್ರೆ
ತಲೆಸುತ್ತು, ವಾಕರಿಕೆ, ನಿದ್ದೆಗೇಡು.
ಕೆಲವರಿಗೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ.
ಹಳೇ ಕಾಯಿಲೆಯೂ ಮರಳಬಹುದು.

ಆಗ ಮನೆಯವರು ಗಾಳಿ ಸೋಕಿದೆ ಅಂತ ತಾಯತ ಹುಡುಕ್ತಾರೆ.
ಕಟ್ಟಿ, ಬೇಡ ಅನ್ನಲ್ಲ.
ಡಾಕ್ಟರ ಹತ್ರ ಮೊದಲು ಹೋಗಿ.

ಬಿಟ್ಟ ಮಾತ್ರೆನ ನೀವೇ ಹಳೇ ಲೆಕ್ಕದಲ್ಲಿ ನುಂಗಬೇಡಿ.
ಕೆಲವನ್ನ ಮತ್ತೆ ಸಣ್ಣ ಡೋಸಿಂದಲೇ ಶುರು ಮಾಡ್ಬೇಕು.
ಎಷ್ಟು ದಿನ ಬಿಟ್ರಿ, ಮುಚ್ಚಿಡದೆ ಹೇಳಿ.
ಬೈದ್ರೆ ಬೈಲಿ.
ಮತ್ತೆ ಚೇತರಿಸಿಕೊಳ್ಳೋಕೆ ವಾರಗಳೇ ಬೇಕಾಗಬಹುದು.
ಮುಂದೆ ನಿಲ್ಲಿಸೋದಾದ್ರೂ, ಡಾಕ್ಟರು ಹೇಳಿದ ಹಾಗೆ
ಸ್ವಲ್ಪ ಸ್ವಲ್ಪ, ಸ್ವಲ್ಪವೇ.

ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆ ದೂರ ಅನ್ಸುತ್ತಾ?
ಟೆಲಿ ಮಾನಸ್ ಸಹಾಯವಾಣಿ ಇದೆ. 14416.
2022ರ ಅಕ್ಟೋಬರ್ 10ರಿಂದ ನಡೀತಿದೆ.
ಹಗಲು ರಾತ್ರಿ, ಉಚಿತ, ಕನ್ನಡದಲ್ಲೂ.

ಸಾಯೋ ಮಾತು ಬಂದ್ರೆ ಕಾಯಬೇಡಿ.
ಒಬ್ಬರನ್ನೇ ಬಿಡಬೇಡಿ.
ಹತ್ತಿರದ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಆಗಲೇ.