ತಾಯಿಯ ಕಳವಳಕ್ಕೆ ದೂರವಾಣಿಯ ನೆರವು

ಕುಬಸ ಮಾಡಿ, ಬಯಕೆ ತೀರಿಸಿ, ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವುದು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಕಡೆಯ ವಾಡಿಕೆ. ದೇಹಕ್ಕೆ ಇಷ್ಟು ಆರೈಕೆಯುಂಟು, ಮನಸ್ಸಿಗೆ?

ಕೂಸಿಗೇನಾದೀತೋ ಎಂಬ ಚಿಂತೆ ಎಲ್ಲ ತಾಯಂದಿರಿಗೂ ಸಹಜ. ಆದರೆ ಅದು ವಾರಗಟ್ಟಲೆ ಬಿಡದೆ ಕಾಡಿ, ಕೂಸು ಮಲಗಿದಾಗಲೂ ತಾಯಿಗೆ ನಿದ್ರೆ ಬಾರದೆ, ಎದೆ ಡವಗುಟ್ಟುತ್ತಿದ್ದರೆ, ಅದು ಹೆಣ್ಣಿನ ಅಧೈರ್ಯವಲ್ಲ, ನೆದರು ಹತ್ತಿದ್ದೂ ಅಲ್ಲ. ಚಿಕಿತ್ಸೆಯಿಂದ ಗುಣವಾಗುವ ತೊಂದರೆ.

ಅದು ಬಲಿಯುವ ಮೊದಲೇ ತಡೆಯುವುದು ಲೇಸು. ಅಂತರಜಾಲದ ಮೂಲಕ ಕಲಿಸುವ ಕ್ರಮಗಳು ಸರಳವಾದುವು: ಚಿಂತೆಯನ್ನು ಬರೆದಿಟ್ಟು ನಿಜವೆಷ್ಟು, ಊಹೆಯೆಷ್ಟು ಎಂದು ವಿಂಗಡಿಸುವುದು; ನಿಧಾನವಾಗಿ ಉಸಿರಾಡುವುದು; ದಿನಕ್ಕೊಂದು ಹಿತವಾದ ಕೆಲಸ ಮಾಡುವುದು.

ಮಾತನಾಡಿ ನೆರವು ಪಡೆಯಬಯಸುವವರಿಗೆ ಸರ್ಕಾರದ ‘ಟೆಲಿ ಮಾನಸ್’ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನವಿದೆ. 14416 ಸಂಖ್ಯೆಗೆ ಹಗಲಿರುಳೂ, ಖರ್ಚಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು. ಸಲಹೆಗಾರರು ಮೊದಲು ಕೇಳಿಸಿಕೊಳ್ಳುತ್ತಾರೆ. ಅವಶ್ಯವಾದರೆ ಮನೋವೈದ್ಯರಿಗೆ ಒಪ್ಪಿಸುತ್ತಾರೆ. ತನಗಾಗಲಿ ಕೂಸಿಗಾಗಲಿ ಕೇಡು ಮಾಡುವ ಯೋಚನೆ ಬಂದರೆ ಮಾತ್ರ ಫೋನಿನಲ್ಲಿಯೇ ನಿಲ್ಲದೆ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಬಾಣಂತಿಯ ಕೈಗೆ ಫೋನು ಕೊಟ್ಟು, ಕೂಸನ್ನು ತಾವು ಎತ್ತಿಕೊಂಡು, ಅವಳಿಗೆ ಅರ್ಧ ಗಂಟೆ ಏಕಾಂತ ಬಿಟ್ಟುಕೊಡುವುದೂ ಮನೆಯ ಹಿರಿಯರು ಮಾಡುವ ಬಾಣಂತನವೇ.