ಮನೆಯಂಗಳದಲ್ಲೇ ಮೋಟಾರ್ ಸೈಕಲ್ಲಿನ ಆರೈಕೆ

ನೆಂಟರ ಮನೆಯ ಮದುವೆಯ ನೆಪದಲ್ಲಿ ನಾವೊಮ್ಮೆ ರಾಯಚೂರು ಜಿಲ್ಲೆ ದೇವದುರ್ಗ ತಾಲೂಕಿನ ಗೂಗಲ್‌ಗೆ ಹೋಗಿದ್ದೆವು. ಕೃಷ್ಣಾ ನದಿಯ ದಂಡೆಯ ಊರು. ನಮ್ಮ ಕಡೆಯ ಅಡಿಕೆ ಸೋಗೆಯೂ ಇಲ್ಲ, ಕಾಫಿ ಹೂವಿನ ಘಮವೂ ಇಲ್ಲ. ಎರೆಮಣ್ಣು, ಬಿಸಿಲು, ಧೂಳು. ಸಂಜೆ ಹೊಲದಿಂದ ಬಂದ ರೈತರೊಬ್ಬರು ಎತ್ತಿಗೆ ನೀರು ತೋರಿಸಿ, ಆಮೇಲೆ ಕಟ್ಟೆಯ ಮೇಲೆ ಕೂತು ತಮ್ಮ ಹಳೆಯ ಮೋಟಾರ್ ಸೈಕಲ್ಲಿನ ಏರ್ ಫಿಲ್ಟರ್ ಬಿಚ್ಚಿ ತೊಳೆಯತೊಡಗಿದರು. ನಾವು ನಿಂತು ನೋಡುವುದನ್ನು ಕಂಡು ನಕ್ಕು, “ಗಾಡಿಗೂ ಮೂಗು ಅದ ರೀ. ಅದು ಕಟ್ಟಿದ್ರ ಹ್ಯಾಂಗ ಉಸಿರಾಡ್ಬೇಕು?” ಎಂದರು.

ಆ ಮಾತು ನಮ್ಮ ಮನಸ್ಸಿನಲ್ಲಿ ಉಳಿಯಿತು. ಅವರಿಗೆ ಧೂಳಾದರೆ ನಮಗೆ ಮಳೆ. ತೋಟದಿಂದ ಡಾಮರು ರಸ್ತೆಗೆ ಬರಲು ನಮ್ಮಲ್ಲಿ ಅನೇಕರಿಗೆ ಇಂದಿಗೂ ಮಣ್ಣಿನ ದಾರಿ, ಇಳಿಜಾರು, ಒಂದೆರಡು ಹಳ್ಳ. ಅಡಿಕೆ ಮಾದರಿ ಒಯ್ಯಲು, ಮಕ್ಕಳನ್ನು ಬಸ್ಸಿಗೆ ಬಿಡಲು, ರಾತ್ರಿ ಹೊತ್ತು ಆಸ್ಪತ್ರೆಗೆ ಓಡಲು ಇರುವುದು ಈ ಎರಡು ಚಕ್ರವೇ. ಗ್ಯಾರೇಜು ಹತ್ತಾರು ಮೈಲಿ ದೂರ. ಹೀಗಿರುವಾಗ ಗಾಡಿಯ ದಿನನಿತ್ಯದ ಆರೈಕೆಯನ್ನು ನಾವೇ ಕಲಿಯುವುದು ಹವ್ಯಾಸವಲ್ಲ, ಅಗತ್ಯ.

ಮೈಸೂರಿನ ಗಾಡಿ ಕಲಿಸಿದ ಪಾಠ

ನಮ್ಮ ಹಿಂದಿನ ತಲೆಮಾರಿಗೆ ಈ ವಿದ್ಯೆ ಹೊಸದಾಗಿರಲಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜೆಕೊಸ್ಲೊವಾಕಿಯಾದ ಪರವಾನಗಿಯಲ್ಲಿ ಜಾವಾ ಗಾಡಿಗಳು ತಯಾರಾದವು. 1970ರ ದಶಕದಲ್ಲಿ ಅವೇ ಯೆಜ್ಡಿ ಎಂಬ ಹೆಸರಿನಲ್ಲಿ ಬಂದವು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೂ ಅಲ್ಲಿ ಹುಟ್ಟಿದ ಎಷ್ಟೋ ಗಾಡಿಗಳು ಇಂದಿಗೂ ಓಡುತ್ತಿವೆ. ಕಾರಣ ಸರಳ. ಅದು ಟೂ ಸ್ಟ್ರೋಕ್ ಎಂಜಿನ್. ಅದರಲ್ಲಿ ನಾಲ್ಕು ಸ್ಟ್ರೋಕಿನ ಎಂಜಿನ್ನಿನಂತೆ ವಾಲ್ವುಗಳ ಗೊಡವೆಯಿಲ್ಲ. ಪೆಟ್ರೋಲಿಗೆ ಎಣ್ಣೆ ಬೆರೆಸುವ ಅಳತೆ, ಪ್ಲಗ್ ಒರೆಸುವ ಬಗೆ, ಚೈನ್ ಬಿಗಿ ಮಾಡುವ ಕ್ರಮ, ಇಷ್ಟನ್ನು ಮಾಲೀಕನೇ ತಿಳಿದಿರುತ್ತಿದ್ದ.

ಆ ಪಾಠ ಇಂದಿಗೂ ವ್ಯರ್ಥವಲ್ಲ. ನಮ್ಮ ಕಳೆ ಕೊಚ್ಚುವ ಯಂತ್ರಗಳಲ್ಲಿ, ಬೆನ್ನಿಗೆ ಕಟ್ಟುವ ಪವರ್ ಸ್ಪ್ರೇಯರುಗಳಲ್ಲಿ ಟೂ ಸ್ಟ್ರೋಕ್ ಎಂಜಿನ್ ಈಗಲೂ ಉಂಟು. ಗಾಡಿಯ ಪ್ಲಗ್ ಬಿಚ್ಚಲು ಕಲಿತ ಕೈಗೆ ಅವುಗಳ ಪ್ಲಗ್ ಕಷ್ಟವಲ್ಲ.

ನಾವು ಮಾಡಿದ ತಪ್ಪು

ಉಪದೇಶಕ್ಕೆ ಮೊದಲು ನಮ್ಮದೇ ಒಂದು ಪ್ರಮಾದವನ್ನು ಒಪ್ಪಿಕೊಳ್ಳುತ್ತೇವೆ. ಒಂದು ಮಳೆಗಾಲದಲ್ಲಿ ಚೈನ್ ಸಡಿಲವಾಗಿದೆಯೆಂದು ಹಿಂದಿನ ಚಕ್ರವನ್ನು ಹಿಂದಕ್ಕೆ ಸರಿಸಿ ನಾವೇ ಬಿಗಿ ಮಾಡಿದೆವು. ಬಹಳ ಹೆಮ್ಮೆಯಾಯಿತು. ಮರುದಿನ ಮನೆಯವರನ್ನು ಹಿಂದೆ ಕೂರಿಸಿಕೊಂಡು ಪೇಟೆಗೆ ಹೊರಟೆವು. ಏರು ಹತ್ತುವಾಗ ಗಾಡಿ ಯಾಕೋ ಮುಕ್ಕುರಿಯುತ್ತಿತ್ತು, ನಾವು ಗಮನಿಸಲಿಲ್ಲ. ಆಚೆಯ ಇಳಿಜಾರಿನಲ್ಲಿ ಬ್ರೇಕ್ ತುಳಿದರೆ ಹಿಡಿತವೇ ಇಲ್ಲ! ಗೇರ್ ಇಳಿಸಿ, ಗಾಡಿಯನ್ನು ದರೆಯ ಬದಿಗೆ ಉಜ್ಜಿ ನಿಲ್ಲಿಸಿದೆವು. ಮೊಣಕೈ ತರಚಿತು, ಅಷ್ಟೇ. ದರೆ ಎಡಕ್ಕಿದ್ದು ಕಣಿವೆ ಬಲಕ್ಕಿದ್ದದ್ದು ನಮ್ಮ ಪುಣ್ಯ.

ಆದದ್ದೇನು? ಚಕ್ರ ಹಿಂದಕ್ಕೆ ಸರಿದಾಗ ಬ್ರೇಕ್ ರಾಡ್ ಕೂಡ ಎಳೆದುಕೊಳ್ಳುತ್ತದೆ. ಬ್ರೇಕ್ ಶೂ ಡ್ರಮ್ಮಿಗೆ ಸದಾ ತಾಗಿಕೊಂಡಿತ್ತು. ದಾರಿಯುದ್ದಕ್ಕೂ ಉಜ್ಜಿ ಉಜ್ಜಿ ಡ್ರಮ್ ಕಾದು, ಬೇಕಾದ ಹೊತ್ತಿಗೆ ಹಿಡಿತ ಕಳೆದುಕೊಂಡಿತ್ತು. ಅಂದಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇವೆ: ಚೈನ್ ಮುಟ್ಟಿದರೆ ಬ್ರೇಕನ್ನೂ ಮುಟ್ಟಬೇಕು. ಆಮೇಲೆ ಚಕ್ರವನ್ನು ಎತ್ತಿ ಕೈಯಲ್ಲಿ ತಿರುಗಿಸಿ, ಸಲೀಸಾಗಿ ತಿರುಗುವುದೇ ಎಂದು ನೋಡಬೇಕು.

ವಾರಕ್ಕೊಮ್ಮೆ ಅರ್ಧ ಗಂಟೆ

ಗಾಡಿಯನ್ನು ಮಟ್ಟಸ ನೆಲದಲ್ಲಿ ನಡುವಿನ ಸ್ಟ್ಯಾಂಡಿಗೆ ಹಾಕಿ. ಎಂಜಿನ್ ತಣ್ಣಗಿರಲಿ. ಗಾಡಿಯೊಂದಿಗೆ ಬಂದ ಪುಸ್ತಕ ಹತ್ತಿರವಿರಲಿ. ಎಲ್ಲ ಅಳತೆಗೂ ಅದೇ ಪ್ರಮಾಣ.

ಟಯರ್: ಓಡಿಸುವ ಮೊದಲೇ ಗಾಳಿ ನೋಡಿ. ಹಿಂದೆ ಜನ ಅಥವಾ ಮೂಟೆ ಇದ್ದರೆ ಹಿಂದಿನ ಚಕ್ರಕ್ಕೆ ಹೆಚ್ಚು ಬೇಕು.

ಚೈನ್: ಕೆಳಗಿನ ಎಳೆಯ ನಡುವನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿ. ಬಹುಪಾಲು ಗಾಡಿಗಳಿಗೆ ಒಂದಂಗುಲದಷ್ಟು ಆಟ ಸರಿ. ಬಿಗಿ ಮಾಡುವಾಗ ಎರಡೂ ಬದಿಯ ಗೆರೆಗಳನ್ನು ಎಣಿಸಿ ಒಂದೇ ಸಮ ಇಡಿ, ಇಲ್ಲವಾದರೆ ಚಕ್ರ ಸೊಟ್ಟಗೆ ಕೂರುತ್ತದೆ. ಕೊನೆಗೆ ಆಕ್ಸಲ್ ನಟ್ ಬಿಗಿ ಮಾಡಲು ಮರೆಯಬೇಡಿ. ಕೆಸರು ತೊಳೆದು, ಒರೆಸಿ, ಆಮೇಲೆ ಎಣ್ಣೆ. ಕೆಸರಿನ ಮೇಲೆ ಎಣ್ಣೆ ಹೊಯ್ದರೆ ಅದು ಅರೆಯುವ ಹಿಟ್ಟಾಗುತ್ತದೆ. ಎಂಜಿನ್ ಓಡುತ್ತಿರುವಾಗ ಚೈನಿಗೆ ಬಟ್ಟೆ ಹಿಡಿಯಬಾರದು, ಬೆರಳು ಹೋದವರಿದ್ದಾರೆ.

ಬ್ರೇಕ್: ಡ್ರಮ್ಮಿನ ಹೊರಗೆ ಬಾಣದ ಗುರುತಿದ್ದರೆ, ಬ್ರೇಕ್ ಹಿಡಿದಾಗ ಅದು ಮಿತಿಯ ಗೆರೆ ದಾಟಬಾರದು. ದಾಟಿದರೆ ಶೂ ಸವೆದಿದೆ. ಒಳಗಿನ ಧೂಳನ್ನು ಬಾಯಿಯಿಂದ ಊದಬೇಡಿ. ಹಳೆಯ ಶೂಗಳಲ್ಲಿ ಕಲ್ನಾರು ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ಕೇಡು. ಒದ್ದೆ ಬಟ್ಟೆಯಿಂದ ಒರೆಸಿ. ಹಳ್ಳ ದಾಟಿದ ಮೇಲೆ ಸ್ವಲ್ಪ ದೂರ ಬ್ರೇಕನ್ನು ಮೆಲ್ಲಗೆ ಹಿಡಿದೇ ಓಡಿಸಿದರೆ ಡ್ರಮ್ ಒಣಗುತ್ತದೆ.

ಪ್ಲಗ್: ಬಿಚ್ಚುವ ಮೊದಲು ಸುತ್ತಲಿನ ಮಣ್ಣು ತೆಗೆಯಿರಿ. ತುದಿ ಕಂದು ಬಣ್ಣವಿದ್ದರೆ ಎಂಜಿನ್ ಆರೋಗ್ಯವಾಗಿದೆ. ಒಣ ಮಸಿಯಿದ್ದರೆ ಗಾಳಿ ಸಾಲದು, ಫಿಲ್ಟರ್ ನೋಡಿ. ಎಣ್ಣೆ ಜಿಡ್ಡಿದ್ದರೆ ಮೆಕ್ಯಾನಿಕ್ಕಿಗೆ ತೋರಿಸಿ. ಮತ್ತೆ ಹಾಕುವಾಗ ಮೊದಲು ಕೈಯಲ್ಲೇ ತಿರುಗಿಸಿ. ಅಲ್ಯೂಮಿನಿಯಮ್ ಹೆಡ್ಡಿನ ಮರೆ ಕೆಟ್ಟರೆ ಉಳಿಸಿದ ಹಣದ ಹಲವು ಪಟ್ಟು ಖರ್ಚು.

ಏರ್ ಫಿಲ್ಟರ್: ಸ್ಪಂಜಿನದಾದರೆ ತೊಳೆದು, ಒಣಗಿಸಿ, ತುಸು ಎಣ್ಣೆ ಹಚ್ಚಿ ಹಿಂಡಿ ಹಾಕಬಹುದು. ಎಣ್ಣೆ ಸವರಿದ ಕಾಗದದ್ದಾದರೆ ತೊಳೆಯಬಾರದು, ಬದಲಿಸಬೇಕು. ಪೆಟ್ಟಿಗೆಯೊಳಗೆ ಇಲಿ ಗೂಡು ಕಟ್ಟಿದೆಯೇ ಎಂದೂ ನೋಡಿ.

ಎಂಜಿನ್ ಆಯಿಲ್: ಅವಧಿಗೆ ಸರಿಯಾಗಿ ಬದಲಿಸಿ. ಕಾರಿಗೆಂದು ತಂದ ಆಯಿಲ್ ಮಿಕ್ಕಿದೆಯೆಂದು ಹೊಯ್ಯಬೇಡಿ. ಬಹುಪಾಲು ಗಾಡಿಗಳ ಕ್ಲಚ್ ಅದೇ ಎಣ್ಣೆಯಲ್ಲಿ ಮುಳುಗಿರುವುದರಿಂದ ಜಾರತೊಡಗುತ್ತದೆ. ತೆಗೆದ ಹಳೆ ಎಣ್ಣೆಯನ್ನು ತೋಟದ ಕಪ್ಪಿಗೆ ಚೆಲ್ಲಬೇಡಿ. ಆ ನೀರು ಇಳಿಯುವುದು ನಮ್ಮ ಬಾವಿಗೇ. ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ.

ಮೈಲುತುತ್ತಿನ ಎಚ್ಚರ

ಇದು ನಮ್ಮ ಬೆಳೆಗಾರರಿಗಷ್ಟೇ ಬೇಕಾದ ಮಾತು. ಕೊಳೆರೋಗದ ಮದ್ದು ತಯಾರಿಸುವಾಗ ಚಾಕುವಿನ ಅಲಗನ್ನು ಅದ್ದಿ ನೋಡುವುದು ನಮಗೆಲ್ಲ ಗೊತ್ತು. ಸುಣ್ಣ ಸಾಲದಿದ್ದರೆ ಅಲಗಿಗೆ ತಾಮ್ರದ ಕೆಂಪು ಹತ್ತುತ್ತದೆ. ಅಂದರೆ ಮೈಲುತುತ್ತು ಕಬ್ಬಿಣವನ್ನು ತಿನ್ನುತ್ತದೆ ಎಂದೇ ಅರ್ಥ. ಅದೇ ಮೈಲುತುತ್ತಿನ ಚೀಲವನ್ನು ಒದ್ದೆ ಸೀಟಿನ ಮೇಲೆ ಹೇರಿ ತಂದರೆ ಚೈನ್, ಕಡ್ಡಿ, ಕೇಬಲ್ ಏನಾಗಬೇಕು? ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ತನ್ನಿ. ಮದ್ದು ಹೊಡೆಯುವ ಕಡೆಯಿಂದ ಗಾಡಿ ದೂರ ನಿಲ್ಲಲಿ. ಸಿಡಿದಿದ್ದರೆ ಅದೇ ದಿನ ತೊಳೆಯಿರಿ.

ಇನ್ನೊಂದು ಮಾತು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ. ಎಥನಾಲ್ ನೀರನ್ನು ಸೆಳೆಯುತ್ತದೆ. ನೀರು ಹೆಚ್ಚಾದರೆ ಎರಡೂ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಆದ್ದರಿಂದ ಮಳೆಗಾಲದಲ್ಲಿ ಗಾಡಿಗೆ ಸೂರು ಬೇಕು, ಮುಚ್ಚಳದ ರಬ್ಬರ್ ಗಟ್ಟಿಯಿರಬೇಕು.

ಮಿತಿ ತಿಳಿದಿರಲಿ

ಇಷ್ಟೆಲ್ಲ ಹೇಳಿದ್ದು ಮೆಕ್ಯಾನಿಕ್ಕಿನ ಅನ್ನ ಕಸಿಯಲು ಅಲ್ಲ. 2020ರ ನಂತರದ ಹೊಸ ಗಾಡಿಗಳಲ್ಲಿ ಬಹುಪಾಲಿಗೆ ಕಾರ್ಬುರೇಟರ್ ಇಲ್ಲ. ಇಂಧನ ಚಿಮ್ಮಿಸುವ ಯಂತ್ರ ವಿದ್ಯುತ್ತಿನ ಲೆಕ್ಕದಲ್ಲಿ ನಡೆಯುತ್ತದೆ. ಅದಕ್ಕೂ ಎಬಿಎಸ್ ಬ್ರೇಕಿಗೂ ನಾವು ಕೈ ಹಾಕಬಾರದು. ಆದರೆ ಚೈನ್, ಗಾಳಿ, ಎಣ್ಣೆ, ಕೇಬಲ್ ಹೊಸ ಗಾಡಿಗೂ ಇವೆ. ಅವು ನಮ್ಮ ಪಾಲಿನ ಕೆಲಸ.

ಒಂದು ಹಳೆಯ ನೋಟುಪುಸ್ತಕದಲ್ಲಿ ಮಾಡಿದ ಕೆಲಸ, ತಾರೀಖು, ಓಡಿದ ಕಿಲೋಮೀಟರ್ ಬರೆದಿಡಿ. ಮಗನಿರಲಿ ಮಗಳಿರಲಿ, ಜೊತೆಗೆ ಕೂರಿಸಿಕೊಂಡು ಸ್ಪ್ಯಾನರ್ ಹಿಡಿಯುವುದನ್ನು ಕಲಿಸಿ. ಮಳೆಯ ರಾತ್ರಿ ನಮಗೇ ಜ್ವರ ಬಂದರೆ ಗಾಡಿ ಹೊರಡಿಸಬೇಕಾದವರು ಅವರೇ ಅಲ್ಲವೇ?