ಉಂಗುರದ ಹವಳ ಕೆಂಪು, ಕಡಲಿನ ಹವಳ ಬಿಳುಪು

ಅನ್ನಪೂರ್ಣೇಶ್ವರಿ ನಗರ: ಜಾತಕದಲ್ಲಿ ಕುಜ ಕೆಟ್ಟಿದ್ದಾನೆ ಅಂದರೆ ಸಾಕು, ಇಲ್ಲಿನ ಮಂದಿ ಹವಳದ ಉಂಗುರಕ್ಕಾಗಿ ಒಡವೆ ಅಂಗಡಿ ಮೆಟ್ಟಿಲು ಹತ್ತುತ್ತಾರೆ. ಕರಿಮಣಿ ನಡುವೆ ಹವಳ ಪೋಣಿಸಿಕೊಂಡ ತಾಯಂದಿರಂತೂ ಬೀದಿಗೆ ಹತ್ತು ಜನ. ಆದರೆ ಹವಳ ಅನ್ನುವುದು ಕಲ್ಲಲ್ಲ, ಕಡಲಿನ ಪ್ರಾಣಿ ಕಟ್ಟಿದ ಗೂಡು ಅಂದರೆ ಅರ್ಧ ಜನ ನಂಬುವುದಿಲ್ಲ.

ಉಂಗುರದ ಕೆಂಪು ಹವಳ ಹೆಚ್ಚಾಗಿ ಮೆಡಿಟರೇನಿಯನ್ ಕಡಲಿನದು. ಇಲ್ಲಿ ಹೇಳಹೊರಟಿರುವುದು ಅದರ ದಾಯಾದಿಯ ಕತೆ. ಸಮುದ್ರದಲ್ಲಿ ದಿಬ್ಬ ಕಟ್ಟುವ ಹವಳದ ಕತೆ.

ಈ ಜೀವಿ ನೀರಿನಿಂದ ಸುಣ್ಣದ ಅಂಶ ಹೀರಿ ಮನೆ ಕಟ್ಟುತ್ತದೆ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಬಾಡಿಗೆಗೆ ಇರುತ್ತದೆ. ಪಾಚಿ ಬಿಸಿಲಲ್ಲಿ ಅಡುಗೆ ಮಾಡಿ, ಬಹುಪಾಲು ಊಟವನ್ನು ಬಾಡಿಗೆಯಾಗಿ ಕೊಡುತ್ತದೆ. ಹವಳಕ್ಕೆ ಬಣ್ಣ ಬರುವುದೂ ಹೆಚ್ಚಾಗಿ ಅದರಿಂದಲೇ. ನೀರಿನ ಶಾಖ ಬೇಸಿಗೆಯ ಮಾಮೂಲು ಗರಿಷ್ಠಕ್ಕಿಂತ ಒಂದೇ ಒಂದು ಡಿಗ್ರಿ ಏರಿ ವಾರಗಟ್ಟಲೆ ನಿಂತಿತೋ, ಪಾಚಿಯ ಅಡುಗೆ ಕೆಟ್ಟು ವಿಷವಾಗುತ್ತದೆ. ಹವಳ ಬಾಡಿಗೆದಾರನನ್ನು ಹೊರಗೆ ಹಾಕುತ್ತದೆ. ಉಳಿಯುವುದು ಬಿಳಿ ಎಲುಬಿನಂಥ ಗೂಡು, ಒಳಗೆ ಹಸಿದ ಜೀವ. ಬೇಗ ನೀರು ತಣ್ಣಗಾದರೆ ಪಾಚಿ ವಾಪಸ್ ಬರುತ್ತದೆ, ಹವಳ ಬದುಕುತ್ತದೆ. ಇಲ್ಲವಾದರೆ ಸಾಯುತ್ತದೆ.

ಇದೆಲ್ಲ ಎಲ್ಲೋ ಆಸ್ಟ್ರೇಲಿಯಾದ ಸುದ್ದಿ ಅಂತೀರಾ? ಮಂಗಳೂರಿನ ಹಳೇ ಬಂದರಿನಿಂದ ಮಂಜಿಗಳಲ್ಲಿ ಸಾಮಾನು ಹೋಗುವ ಲಕ್ಷದ್ವೀಪದ ಸುದ್ದಿ ಇದು. ಅಲ್ಲಿನ ಅಮಿನಿ, ಕಡ್ಮತ್, ಕಿಲ್ತಾನ್ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. 1998, 2010, 2016, 2024: ನಾಲ್ಕು ಸಲ ಅಲ್ಲಿನ ಹವಳ ಬಿಳುಚಿತು. ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಶನ್‌ನವರು ಅಗತ್ತಿ, ಕಡ್ಮತ್, ಕವರತ್ತಿಗಳಲ್ಲಿ ಮುಳುಗಿ ಅಳೆದರು. 1998ರಲ್ಲಿ ಶೇಕಡಾ 37ರಷ್ಟಿದ್ದ ಜೀವಂತ ಹವಳ 2022ರ ಹೊತ್ತಿಗೆ ಶೇಕಡಾ 19ರ ಆಸುಪಾಸಿಗೆ ಇಳಿದಿತ್ತು. ಬಿಸಿ ತಟ್ಟದೆ ಆರು ವರ್ಷ ಕಳೆದರೆ ಚೇತರಿಕೆ ಚುರುಕಾಗುತ್ತದೆ ಅನ್ನುವುದೂ ಅವರಿಗೆ ಕಂಡಿತು. 1998ರ ಪೆಟ್ಟಿನ ಮೇಲೆ 12 ವರ್ಷ ಬಿಡುವಿತ್ತು. ಆಮೇಲೆ ಸಿಕ್ಕಿದ್ದು ಆರು, ನಂತರ ಎಂಟು. ಸುಧಾರಿಸಿಕೊಳ್ಳುವಷ್ಟರಲ್ಲಿ ಮತ್ತೆ ಪೆಟ್ಟು.

ಹವಳ ಹೋದರೆ ಹೋಯಿತು ಅನ್ನುವ ಹಾಗಿಲ್ಲ. ಆ ದ್ವೀಪಗಳು ನಿಂತಿರುವುದೇ ಹವಳದ ಮೇಲೆ, ಸಮುದ್ರಮಟ್ಟದಿಂದ ಒಂದೆರಡು ಮೀಟರ್ ಎತ್ತರದಲ್ಲಿ. ಅಲೆಯ ಹೊಡೆತ ತಡೆಯುವ ಗೋಡೆಯೂ ಅದೇ. ಸತ್ತ ಗೋಡೆ ಸವೆದರೆ ಕಡಲು ಮನೆ ಬಾಗಿಲಿಗೆ, ಉಪ್ಪು ಬಾವಿಗೆ. ದಿಬ್ಬದ ಆಸರೆಯಲ್ಲಿ ಸಿಗುವ ಸಣ್ಣ ಮೀನನ್ನು ಎರೆ ಹಾಕಿ ಟ್ಯೂನಾ ಹಿಡಿಯುವವರ ಹೊಟ್ಟೆಪಾಡೂ ಅಷ್ಟೇ.

ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲೂ ಹವಳವಿದೆ. ವಾರಾಂತ್ಯಕ್ಕೆ ಬೆಂಗಳೂರಿನ ಹುಡುಗರು ಡೈವಿಂಗ್‌ಗೆ ಹೋಗುವುದು ಅಲ್ಲಿಗೇ. ಅದೂ ಇದೇ ಅರಬ್ಬಿ ಸಮುದ್ರದ ನೀರಿನಲ್ಲೇ ಇದೆ.

ಕಲ್ಲಿದ್ದಲು, ಪೆಟ್ರೋಲು ಉರಿಸಿ ಮನುಷ್ಯ ಹೆಚ್ಚಿಸಿದ ಶಾಖದಲ್ಲಿ ಶೇಕಡಾ 90ಕ್ಕೂ ಹೆಚ್ಚು ಪಾಲನ್ನು ಕಡಲೇ ನುಂಗಿಕೊಂಡಿದೆ. ಹೊರವರ್ತುಲ ರಸ್ತೆಯಲ್ಲಿ ಸಂಜೆ ಹೊತ್ತು ಹೊಗೆ ಉಗುಳುತ್ತ ನಿಲ್ಲುವ ಗಾಡಿಗಳದೂ ಅದರಲ್ಲಿ ಪಾಲುಂಟು. ಕುಜದೋಷಕ್ಕೆ ಹವಳ ತೊಡುವವರು ಹವಳಕ್ಕೆ ತಗುಲಿದ ದೋಷದ ಕಡೆಗೂ ಒಮ್ಮೆ ನೋಡಿದರೆ ಒಳ್ಳೆಯದು.